ಅಭಿಮಾನಿಗಳ ಶರ್ಟು: ಬಟ್ಟೆಗಿಂತ ತಾರೀಕು ಮುಖ್ಯ

(ಸ್ವಂತ ಉದ್ಯೋಗ ಶುರು ಮಾಡಬೇಕೆಂದಿರುವ ಯುವಕ ಯುವತಿಯರ ಮುಂದೆ ಉಡುಪಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಕಂಬಳದ ಮರುದಿನ ಕಂಬಳದ ಶರ್ಟಿಗೆ ಗಿರಾಕಿ ಇಲ್ಲ. ಇವತ್ತು ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಹೊರಡುತ್ತದೆ. ಮಾಮೂಲಿ ಅಂಗಿ ಮಾರುವವರಿಗೆ ಈ ತಲೆಬಿಸಿ ಇಲ್ಲ. ಈ ವಾರ ಹೋಗದಿದ್ದರೆ ಮುಂದಿನ ವಾರ ಹೋಗುತ್ತದೆ, ಇಲ್ಲವಾದರೆ ದೀಪಾವಳಿಗೆ ಹೋಗುತ್ತದೆ. ಕೋಣಗಳ ಹೆಸರು, ಹುಲಿವೇಷದ ತಂಡದ ಹೆಸರು, ಯಕ್ಷಗಾನ ಮೇಳದ ಹೆಸರು ಹಾಕಿದ ಶರ್ಟು ಹಾಗಲ್ಲ. ಅದನ್ನು ಜನ ತೆಗೆದುಕೊಳ್ಳುವುದೇ ಆ ಒಂದು ದಿನಕ್ಕೆ. ಬೆಳಿಗ್ಗೆ ಕೈಗೆ ಸಿಕ್ಕಿದರೆ ಕುಣಿಯುತ್ತಾರೆ. ಸಂಜೆ ಸಿಕ್ಕಿದರೆ ಬೈಯುತ್ತಾರೆ.

ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಡಿಸೈನಿನಿಂದ ಶುರು ಮಾಡುತ್ತಾರೆ. ನಾನು ಹೇಳುವುದು, ಗೋಡೆಯ ಕ್ಯಾಲೆಂಡರಿನಿಂದ ಶುರು ಮಾಡಿ. ನಮ್ಮ ಕಡೆ ವರ್ಷ ಹೇಗೆ ತಿರುಗುತ್ತದೆ ನೋಡಿ. ನವೆಂಬರ್ ಹೊತ್ತಿಗೆ ಕಂಬಳ ಶುರು, ಯಕ್ಷಗಾನ ಮೇಳಗಳೂ ತಿರುಗಾಟಕ್ಕೆ ಹೊರಡುತ್ತವೆ. ಬೇಸಗೆ ಪೂರ್ತಿ ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ, ಅಂದರೆ ಸೀಸನ್ ಮುಗಿಯುವ ದಿನ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಸ್ವಲ್ಪ ಇಳಿಯುವಾಗ ಅಷ್ಟಮಿ, ಮೊಸರು ಕುಡಿಕೆ, ಚೌತಿ, ಅದರ ಬೆನ್ನಿಗೇ ದಸರಾ ಹುಲಿವೇಷ. ಉಡುಪಿಯವರಿಗೆ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ ಬೇರೆ, ಕೃಷ್ಣ ಮಠದ ಪೂಜೆಯ ಸರದಿ ಕೈ ಬದಲಾಗುವ ದಿನ. ಸ್ವಯಂಸೇವಕರ ಶರ್ಟಿನ ಆರ್ಡರಿಗೆ ಇದಕ್ಕಿಂತ ನಂಬಿಕೆಯ ತಾರೀಕು ಇನ್ನೊಂದಿಲ್ಲ.

ಆದರೆ ಎಲ್ಲ ತಾರೀಕೂ ಅಷ್ಟು ಸುಲಭದ್ದಲ್ಲ. ಅಷ್ಟಮಿಯನ್ನೇ ತೆಗೆದುಕೊಳ್ಳಿ. ನಮ್ಮ ಕೃಷ್ಣ ಮಠದಲ್ಲಿ ಸೌರಮಾನದ ಲೆಕ್ಕ. 2025ರಲ್ಲಿ ದೇಶದಲ್ಲಿ ಹೆಚ್ಚಿನ ಕಡೆ ಜನ್ಮಾಷ್ಟಮಿ ಆಗಸ್ಟ್ 16ಕ್ಕೆ ಮುಗಿಯಿತು. ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ಅಷ್ಟಮಿ, 15ಕ್ಕೆ ವಿಟ್ಲಪಿಂಡಿ, ಅಂದರೆ ಮೊಸರು ಕುಡಿಕೆ. ಇದು ನಿಮಗೆ ಗೊತ್ತು, ತಿರುಪುರದಲ್ಲಿ ಕೂತು ಬಟ್ಟೆ ಕಳಿಸುವವರಿಗೆ ಗೊತ್ತಿಲ್ಲ. ಬೆಂಗಳೂರಿನ ಡಿಸೈನರಿಗೂ ಗೊತ್ತಿಲ್ಲ. ಅವರಿಗೆ 'ಅಷ್ಟಮಿಗೆ ಬೇಕು' ಅಂದರೆ ಸಾಕಾಗುವುದಿಲ್ಲ. ತಿಂಗಳು, ದಿನ, ವಾರ ಮೂರೂ ಬರೆದು ಕಳಿಸಿ.

ಕಂಬಳದ್ದು ಇನ್ನೊಂದು ಕಥೆ. ಪಟ್ಟಿ ಮೊದಲೇ ಬರುತ್ತದೆ, ಆದರೂ ಒಂದೊಂದು ತಾರೀಕು ಹಿಂದೆ ಮುಂದೆ ಆಗುವುದುಂಟು. ಹಾಗಾಗಿ ಶರ್ಟಿನ ಮೇಲೆ ದಿನಾಂಕ ಹಾಕಿಸಬೇಡಿ. 'ಮೂಡುಬಿದಿರೆ ಕೋಟಿ-ಚೆನ್ನಯ', 'ಮಿಯ್ಯಾರು ಲವ-ಕುಶ' ಅಂತ ಕರೆಯ, ಅಂದರೆ ಕೋಣ ಓಡುವ ಗದ್ದೆಯ ಹೆಸರು ಹಾಕಿ, ಸಾಕು.

ಇನ್ನು ತಾರೀಕಿನಿಂದ ಹಿಂದಕ್ಕೆ ಎಣಿಸಿ. ಶರ್ಟು ಕೈಗೆ ಸಿಗಬೇಕಾದ ದಿನ, ಅದಕ್ಕಿಂತ ಮೊದಲು ಪಾರ್ಸೆಲ್ ಹೊರಡುವ ದಿನ, ಅದಕ್ಕೂ ಮೊದಲು ಪ್ರಿಂಟ್, ಬಟ್ಟೆ ಬರುವುದು, ಎಲ್ಲಕ್ಕಿಂತ ಮೊದಲು ಆರ್ಡರ್ ಮುಚ್ಚುವ ದಿನ. ಈ ಕೊನೆಯದೇ ಕಷ್ಟ. ಆರ್ಡರ್ ಮುಚ್ಚಿದ ಮೇಲೆ ಫೋನ್ ಬಂದೇ ಬರುತ್ತದೆ. "ಅಣ್ಣಾ, ಇನ್ನೊಂದು ಐದು ಶರ್ಟ್ ಸೇರಿಸಿ ಮಾರಾಯ್ರೆ. ಐದೇ ಅಲ್ವಾ?"

ಐದೇ ಅಲ್ವಾ ಅಂತ ಅವರಿಗೆ ಕಾಣುತ್ತದೆ. ನಮಗೆ ಅದು ಯಾಕೆ ಕಷ್ಟ ಅಂತ ಗೊತ್ತಾಗಬೇಕಾದರೆ ಪ್ರಿಂಟ್ ಹೇಗೆ ಆಗುತ್ತದೆ ಅಂತ ನೋಡಬೇಕು. ಸ್ಕ್ರೀನ್ ಪ್ರಿಂಟಿನಲ್ಲಿ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಅಂದರೆ ಬಲೆ ಬಿಗಿದ ಫ್ರೇಮ್. ನಾಲ್ಕು ಬಣ್ಣ ಇದ್ದರೆ ನಾಲ್ಕು. ಕಪ್ಪು ಶರ್ಟಾದರೆ ಬಣ್ಣದ ಅಡಿಗೆ ಬಿಳಿ ಹಾಕಬೇಕು, ಅಂದರೆ ಇನ್ನೊಂದು ಸ್ಕ್ರೀನ್. ಫ್ರೇಮಿಗೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ದ್ರಾವಣ ಬಳಿದು, ಒಣಗಿಸಿ, ಬೆಳಕಿಗೆ ಇಟ್ಟು, ತೊಳೆದು ತಯಾರು ಮಾಡುವ ಖರ್ಚು ಐದು ಶರ್ಟಿಗೂ ಅಷ್ಟೇ, ಐನೂರಕ್ಕೂ ಅಷ್ಟೇ. ಅದಕ್ಕೇ ನೂರು ಶರ್ಟಿಗೆ ಸ್ಕ್ರೀನ್ ಅಗ್ಗ, ಐದಕ್ಕೆ ದುಬಾರಿ. ಕೆಲಸ ಮುಗಿದು ಸ್ಕ್ರೀನ್ ತೊಳೆದಾದ ಮೇಲೆ ಐದು ಶರ್ಟ್ ಕೇಳಿದರೆ ಎಲ್ಲಾ ಮೊದಲಿಂದ.

ಈಗ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಬಂದ ಮೇಲೆ ಸ್ವಲ್ಪ ಸಲೀಸಾಗಿದೆ. ಫಿಲ್ಮಿನ ಮೇಲೆ ಪ್ರಿಂಟ್ ತೆಗೆದು, ಅಂಟಿನ ಪೌಡರ್ ಉದುರಿಸಿ, ಬಿಸಿ ಮಾಡಿ, ಆಮೇಲೆ ಹೀಟ್ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತುವುದು. ಒಂದು ಶರ್ಟೂ ಮಾಡಬಹುದು, ಎಷ್ಟು ಬಣ್ಣ ಬೇಕಾದರೂ ಹಾಕಬಹುದು. ಹಾಗಾಗಿ ದೊಡ್ಡ ಆರ್ಡರಿಗೆ ಸ್ಕ್ರೀನ್, ಬಾಲ ಹಿಡಿದು ಬರುವ ಐದಕ್ಕೆ ಡಿಟಿಎಫ್. ಆದರೆ ಎರಡನ್ನೂ ಅಕ್ಕಪಕ್ಕ ತೊಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ, ಅದನ್ನು ಮೊದಲೇ ಹೇಳಿಬಿಡಿ. ಕ್ರಿಕೆಟ್, ಕಬಡ್ಡಿ ಜೆರ್ಸಿಗೆ ಸಬ್ಲಿಮೇಷನ್, ಅಂದರೆ ಬಿಸಿಯಲ್ಲಿ ಬಣ್ಣವನ್ನು ನೂಲಿನ ಒಳಗೇ ಇಳಿಸುವುದು. ಅದು ಪಾಲಿಯೆಸ್ಟರಿಗೆ ಮಾತ್ರ, ಕಾಟನ್ನಿಗೆ ಹಿಡಿಯುವುದಿಲ್ಲ.

ಡಿಸೈನಿಗೆ ಬರುತ್ತೇನೆ. ಇಲ್ಲಿ ಸೌಂದರ್ಯದ ವಿಷಯ ನಾನು ಮಾತಾಡುವುದಿಲ್ಲ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದು ಒತ್ತಕ್ಷರದ ವಿಷಯ. ವಾಟ್ಸ್ಆ್ಯಪಿನಲ್ಲಿ ಹುಡುಗ ಸರಿಯಾಗಿಯೇ ಟೈಪ್ ಮಾಡಿ ಕಳಿಸಿರುತ್ತಾನೆ, 'ಪುತ್ತೂರು' ಅಂತ. ಅದನ್ನು ಡಿಸೈನ್ ಸಾಫ್ಟ್‌ವೇರಿಗೆ ಹಾಕಿದ ಕೂಡಲೇ, ಅದರಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಆನ್ ಇಲ್ಲದಿದ್ದರೆ, ಕೆಳಗೆ ಇರಬೇಕಾದ ಒತ್ತು ಮೇಲೆದ್ದು ಪಕ್ಕಕ್ಕೆ ಬಂದು ಕೂರುತ್ತದೆ. 'ಪುತ್‌ತೂರು' ಆಗುತ್ತದೆ. 'ಕಾರ್ಕಳ' ಹೋಗಿ 'ಕಾರ್‌ಕಳ' ಆಗುತ್ತದೆ. ಕಂಪ್ಯೂಟರ್ ಮುಂದೆ ಕೂತವರಿಗೆ ಕನ್ನಡ ಓದಲು ಬಾರದಿದ್ದರೆ ಅದು ಹಾಗೇ ಫಿಲ್ಮಿಗೆ ಹೋಗುತ್ತದೆ, ಸ್ಕ್ರೀನಿಗೆ ಹೋಗುತ್ತದೆ, ನೂರು ಜನರ ಎದೆಯ ಮೇಲೆ ಕೂರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲಾದರೆ ಇನ್ನೂ ಚಂದ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಊರಿನ ಹೆಸರು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ಮದ್ದು ಸುಲಭ ಉಂಟು. ಅಕ್ಷರ ಸರಿಯಾಗಿ ಕಾಣುವಾಗಲೇ ಅದನ್ನು ಔಟ್‌ಲೈನ್ ಮಾಡಿ ಕಳಿಸಿ. ಆಗ ಅದು ಅಕ್ಷರ ಅಲ್ಲ, ಚಿತ್ರ. ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ಆದರೆ ಔಟ್‌ಲೈನ್ ಆದ ಮೇಲೆ ತಿದ್ದಲು ಆಗುವುದಿಲ್ಲ, ಹಾಗಾಗಿ ಮೊದಲು ಡಿಸೈನ್ ಮಾಡದ ಇನ್ನೊಬ್ಬರ ಹತ್ತಿರ ಗಟ್ಟಿಯಾಗಿ ಓದಿಸಿ. ಮಾಡಿದವರ ಕಣ್ಣಿಗೆ ಅವರ ತಪ್ಪು ಕಾಣುವುದಿಲ್ಲ. ಆಮೇಲೆ ಆ ಚಿತ್ರವನ್ನು ಆರ್ಡರ್ ಕೊಟ್ಟವರಿಗೆ ಕಳಿಸಿ, 'ಓಕೆ' ಅಂತ ಬರೆದು ವಾಪಸ್ ಬರುವವರೆಗೆ ಪ್ರಿಂಟಿಗೆ ಕೈ ಹಾಕಬೇಡಿ. ವಾಟ್ಸ್ಆ್ಯಪಿನ ಹೆಬ್ಬೆರಳಿನ ಚಿತ್ರ ಸಾಲದು. ಸುಮ್ನೆ ನೋಡದೆಯೂ ಹೆಬ್ಬೆರಳು ಒತ್ತುತ್ತಾರೆ.

ಈಚೆಗೆ ತುಳು ಲಿಪಿಯಲ್ಲಿ ಹಾಕಿಕೊಡಿ ಅಂತ ಕೇಳುವವರಿದ್ದಾರೆ. ಸಂತೋಷದ ವಿಷಯ. ಕಂಪ್ಯೂಟರ್, ಫೋನುಗಳಿಗೆಲ್ಲ ಒಂದೇ ಆದ ಅಕ್ಷರಪಟ್ಟಿ ಯೂನಿಕೋಡ್, 2024ರ ಸೆಪ್ಟೆಂಬರಿನಲ್ಲಿ ಬಂದ ಅದರ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ. ಹಾಗಂತ ಎಲ್ಲರ ಫೋನಿನಲ್ಲಿ ಅದು ಕಾಣುವುದಿಲ್ಲ, ಚಿತ್ರವಾಗಿಯೇ ಕಳಿಸಬೇಕು. ಲಿಪಿ ಓದಲು ಬಲ್ಲ ಒಬ್ಬರಿಗೆ ತೋರಿಸದೆ ಮಾತ್ರ ಪ್ರಿಂಟ್ ಮಾಡಬೇಡಿ. ಇಲ್ಲಿ ಗಟ್ಟಿಯಾಗಿ ಓದಿಸುವ ಉಪಾಯ ನಡೆಯುವುದಿಲ್ಲ, ಯಾಕೆಂದರೆ ಓದುವವರೇ ಕಡಿಮೆ.

ಚಿತ್ರಗಳ ವಿಷಯ. ಕೋಣಗಳು ಓಟ ಮುಗಿಯುವ ಮಂಜೊಟ್ಟಿಗೆ ಬಂದು ಮುಟ್ಟುವಾಗ ನೀರು ಹಾರುವ ಫೋಟೊ ಎಲ್ಲರಿಗೂ ಬೇಕು. ಅದು ಫೋನಿನಿಂದ ಫೋನಿಗೆ ಓಡಾಡುತ್ತಿರುತ್ತದೆ, ಯಾರದು ಅಂತ ಯಾರೂ ಕೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಹಕ್ಕು ಮೊದಲು ತೆಗೆದವರದ್ದು. ದುಡ್ಡು ಕೊಟ್ಟು ತೆಗೆಸಿದ್ದಾದರೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಕೋಣದ ಯಜಮಾನರು 'ಹಾಕಿ, ತೊಂದರೆ ಇಲ್ಲ' ಅಂದರೂ ಫೋಟೊ ತೆಗೆದವರು ಬೇರೆ ಇರುತ್ತಾರೆ. ಇಬ್ಬರನ್ನೂ ಕೇಳಿ. ಕಂಬಳದ ಫೋಟೊ ತೆಗೆಯುವವರು ಬಿಸಿಲಲ್ಲಿ ಕೆಸರಲ್ಲಿ ರಾತ್ರಿ ಹಗಲು ನಿಲ್ಲುವವರು. ಒಂದಿಷ್ಟು ದುಡ್ಡು, ಎರಡು ಶರ್ಟು, ತೋಳಿನ ಮೇಲೆ ಚಿಕ್ಕದಾಗಿ ಹೆಸರು, ಇಷ್ಟಕ್ಕೆ ಹೆಚ್ಚಿನವರು ಖುಷಿಯಲ್ಲಿ ಕೊಡುತ್ತಾರೆ.

ದೈವದ ಮುಖ, ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರ ಹಾಕಿ ಕೊಡಿ ಅಂತಲೂ ಕೇಳುತ್ತಾರೆ. ನಾನು ಹಾಕುವುದಿಲ್ಲ. ಕಾನೂನಿನ ಮಾತಲ್ಲ ಇದು. ಆ ಶರ್ಟು ಬೆವರಿ, ಒಗೆದು, ಹರಿದು, ಕೊನೆಗೆ ಎಲ್ಲಿ ಹೋಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ವ್ಯಾಪಾರ ಸ್ವಲ್ಪ ಕಡಿಮೆಯಾದರೆ ಆಗಲಿ. ನಿಮ್ಮ ತೀರ್ಮಾನ ಬೇರೆ ಇರಬಹುದು, ಆದರೆ ಊರಿನವರು ಬಂದು ಕೇಳಿದಾಗ ಏನು ಹೇಳುತ್ತೀರಿ ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ.

ಬಟ್ಟೆ. ಅಂಗಡಿಗಳಲ್ಲಿ 180 ಜಿಎಸ್ಎಂ, 220, 240 ಅಂತ ಕೇಳುತ್ತೀರಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ ಲೆಕ್ಕ. ಈಗಿನ ಹುಡುಗರಿಗೆ 240ರ ದಪ್ಪ, ದೊಗಲೆ ಶರ್ಟಿನ ಮೇಲೆ ಮೋಹ. ಫೋಟೊದಲ್ಲಿ ಚಂದ ಕಾಣುತ್ತದೆ. ಮಾರ್ಚ್ ತಿಂಗಳ ಮಂಗಳೂರಿನ ಮಧ್ಯಾಹ್ನ ಅದನ್ನು ತೊಟ್ಟು ಗದ್ದೆಯ ಬದಿಯಲ್ಲಿ ನಿಂತು ನೋಡಿ! ಎದೆ ತುಂಬ ರಬ್ಬರ್ ಪ್ರಿಂಟ್ ಇದ್ದರೆ ಕೇಳುವುದೇ ಬೇಡ, ಗಾಳಿ ಆಡುವುದಿಲ್ಲ, ಪ್ರಿಂಟಿನ ಹಿಂದೆ ಬೆವರು ನಿಂತು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಹವೆಗೆ 180ರ ಕಾಟನ್ ಸಾಕು. ಎದೆಯ ಮೇಲೆ ಚಿಕ್ಕ ಪ್ರಿಂಟ್, ದೊಡ್ಡದು ಬೇಕಿದ್ದರೆ ಬೆನ್ನಿಗೆ, ಅದೂ ನಡುನಡುವೆ ಬಟ್ಟೆ ಕಾಣುವ ಹಾಗೆ. ಬಣ್ಣ ಕಪ್ಪು, ಕಡುನೀಲಿ, ಕಂದು. ಕಂಬಳಕ್ಕೆ ಬಿಳಿ ಶರ್ಟು ಕೊಟ್ಟರೆ ಕರೆಯ ಕೆಸರು ಅದನ್ನು ಮತ್ತೆ ಬಿಳಿ ಆಗಲು ಬಿಡುವುದಿಲ್ಲ.

ಸೈಜಿನ ಜಗಳ ತಪ್ಪಿಸಲು ಒಂದೇ ದಾರಿ. 'ನಿಮ್ಮ ಸೈಜ್ ಎಷ್ಟು' ಅಂತ ಕೇಳಬೇಡಿ, ಒಂದೊಂದು ಕಂಪನಿಯ ಎಲ್ ಒಂದೊಂದು ಅಳತೆ. ಮನೆಯಲ್ಲಿ ಸರಿಯಾಗಿ ಕೂರುವ ಒಂದು ಶರ್ಟನ್ನು ಮೇಜಿನ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಅಳೆದು ಇಂಚು ಕಳಿಸಿ ಅನ್ನಿ. ಕಾಟನ್ ಒಗೆದ ಮೇಲೆ ಕುಗ್ಗುತ್ತದೆ. 40 ಇಂಚಿನ ಎದೆಗೆ ನೂರಕ್ಕೆ ಐದು ಕುಗ್ಗಿದರೆ ಎರಡು ಇಂಚು ಹೋಯಿತು, ಅಂದರೆ ಒಂದು ಸೈಜೇ ಹೋಯಿತು. ಬಟ್ಟೆಯ ಹೊಸ ಲಾಟ್ ಬಂದಾಗಲೆಲ್ಲ ಒಂದು ಶರ್ಟ್ ಪ್ರಿಂಟ್ ಮಾಡಿ, ಒಗೆದು, ಅಳೆದು ನೋಡಿ. ಪ್ರಿಂಟ್ ಬಿರುಕು ಬಿಡುತ್ತದೋ ಅಂತಲೂ ಅದರಲ್ಲೇ ಗೊತ್ತಾಗುತ್ತದೆ. ಸ್ಕ್ರೀನ್ ಪ್ರಿಂಟಿನ ಪ್ಲಾಸ್ಟಿಸಾಲ್ ಇಂಕಿಗೆ ಸುಮಾರು 160 ಡಿಗ್ರಿ ಬಿಸಿ ಒಳಗಿನವರೆಗೂ ಸಿಗಬೇಕು. ಮೇಲೆ ಮಾತ್ರ ಒಣಗಿದರೆ ಮುಟ್ಟಲು ಸರಿಯಾಗಿರುತ್ತದೆ, ಒಗೆತಕ್ಕೆ ಏಳುತ್ತದೆ.

ಮಳೆಗಾಲದಲ್ಲಿ ಇದೆಲ್ಲ ಎರಡು ಪಟ್ಟು ಕಷ್ಟ. ಜೂನ್, ಜುಲೈಯಲ್ಲಿ ಗಾಳಿಯಲ್ಲೇ ನೀರು. ಎಮಲ್ಷನ್ ಬಳಿದ ಫ್ರೇಮ್ ಒಣಗುವುದಿಲ್ಲ, ಅರ್ಧ ಒಣಗಿದ್ದನ್ನು ಬೆಳಕಿಗೆ ಇಟ್ಟರೆ ತೊಳೆಯುವಾಗ ಡಿಸೈನೇ ಎದ್ದು ಬರುತ್ತದೆ. ಡಿಟಿಎಫ್ ಪೌಡರ್ ತೇವ ಎಳೆದು ಗಂಟು ಗಂಟಾಗುತ್ತದೆ, ಬೇಡದ ಕಡೆಯೂ ಅಂಟುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು. ಕಪಾಟಿನಲ್ಲಿ ಮಡಚಿಟ್ಟ ಶರ್ಟಿನಲ್ಲೂ ತೇವ ಇರುತ್ತದೆ. ಖಾಲಿ ಶರ್ಟನ್ನು ನಾಲ್ಕೈದು ಸೆಕೆಂಡು ಪ್ರೆಸ್ಸಿನಲ್ಲಿ ಒತ್ತಿ. ಹಬೆ ಏಳುವುದು ಕಣ್ಣಿಗೆ ಕಾಣುತ್ತದೆ. ಅದು ಹೋದ ಮೇಲೆ ಫಿಲ್ಮ್ ಇಡಿ. ಇದೊಂದನ್ನು ಬಿಟ್ಟರೆ ಅಷ್ಟಮಿಗೆ ಕೊಟ್ಟ ಶರ್ಟು ಚೌತಿಯ ಹೊತ್ತಿಗೆ ಸಿಪ್ಪೆ ಬಿಡುತ್ತದೆ.

ಈಗ ಕಳಿಸುವ ವಿಷಯ. ಕಂಬಳ ಎಂದರೆ ಗಿರಾಕಿ ಊರಲ್ಲೇ ಇರುತ್ತಾರೆ ಅಂದುಕೊಳ್ಳಬೇಡಿ. 2023ರ ಮೇ 18ಕ್ಕೆ ಸುಪ್ರೀಂ ಕೋರ್ಟು ಕಂಬಳದ ಕಾನೂನನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು. ಅಲ್ಲಿ ಸೇರಿದವರಲ್ಲಿ ನಮ್ಮೂರಿನ ಮಕ್ಕಳು ಎಷ್ಟಿದ್ದರು ಅಂತ ನೋಡಿದವರಿಗೆ ಗೊತ್ತು. ಮುಂಬೈಯಲ್ಲಿ ಇದ್ದಾರೆ, ದುಬೈ, ಮಸ್ಕತ್, ಕುವೈತಿನಲ್ಲಿ ಇದ್ದಾರೆ. ಊರಿಗೆ ಬರಲು ಆಗದವರಿಗೇ ಶರ್ಟು ಜಾಸ್ತಿ ಬೇಕು.

ಪಾರ್ಸೆಲ್ ಎಂದರೆ ತೂಕ. 180ರ ಒಂದು ಎಲ್ ಶರ್ಟು ಹತ್ತಿರ ಹತ್ತಿರ 200 ಗ್ರಾಂ. ಎರಡು ಹಾಕಿದರೂ ಅರ್ಧ ಕಿಲೋ ಒಳಗೆ ಮುಗಿಯುತ್ತದೆ. ಹೆಚ್ಚಿನ ಕೊರಿಯರ್‌ನವರ ದರ ಅರ್ಧ ಕಿಲೋದ್ದು, ಒಂದು ಕಳಿಸಿದರೂ ಎರಡು ಕಳಿಸಿದರೂ ಒಂದೇ. 'ಎರಡು ತಗೊಂಡರೆ ಕೊರಿಯರ್ ಫ್ರೀ' ಅಂತ ನಾವು ಹೇಳುವುದು ಧಾರಾಳತನದಿಂದ ಅಲ್ಲ, ಈ ಲೆಕ್ಕದಿಂದ. 240ರ ದಪ್ಪ ಶರ್ಟು ಎರಡು ಹಾಕಿದರೆ ಅರ್ಧ ಕಿಲೋ ದಾಟುತ್ತದೆ, ಲೆಕ್ಕ ತಲೆಕೆಳಗು.

ಇನ್ನು ಚಂದದ ಪೆಟ್ಟಿಗೆಯ ಆಸೆ ಬಿಡಿ. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಬರುವುದನ್ನು ಕಿಲೋ ಅನ್ನುತ್ತಾರೆ. 30, 25, 10ರ ಪೆಟ್ಟಿಗೆ ಅಂದರೆ ಒಂದೂವರೆ ಕಿಲೋ. ಒಳಗೆ ಇರುವುದು ಇನ್ನೂರು ಗ್ರಾಂ ಶರ್ಟು! ಅದೇ ಶರ್ಟನ್ನು ಚಪ್ಪಟೆ ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಎರಡು ಸೆಂಟಿಮೀಟರ್ ದಪ್ಪ, 300 ಗ್ರಾಂ ಲೆಕ್ಕ. ಮಳೆಗೂ ಅದೇ ಒಳ್ಳೆಯದು. ಒಳಗಿನ ಕವರಿನ ಮೇಲೆ ಹೆಸರು, ಸೈಜಿನ ಚೀಟಿ ಅಂಟಿಸಿ. ಹೊರಗಿನ ವಿಳಾಸದ ಮೇಲೆ ಅಗಲದ ಪಾರದರ್ಶಕ ಟೇಪ್ ಎಳೆಯಿರಿ. ಶಾಯಿ ಒದ್ದೆಯಾಗಿ ಹರಡಿದರೆ ಪಾರ್ಸೆಲ್ ಎಲ್ಲಿಗೂ ಹೋಗುವುದಿಲ್ಲ.

ವಿಳಾಸ ಅಂದಾಗ ನೆನಪಾಯಿತು. ನಮ್ಮ ಕಡೆ ವಿಳಾಸ ಅಂದರೆ 'ಕೊರಗಜ್ಜನ ಕಟ್ಟೆ ಹತ್ತಿರ, ಅಂಗಡಿಯಲ್ಲಿ ಕೇಳಿದ್ರೆ ಹೇಳ್ತಾರೆ'. ಯಾವ ಕಟ್ಟೆ? ಯಾವ ಅಂಗಡಿ? ಮನೆಯ ಹೆಸರು, ಗ್ರಾಮ, ಅಂಚೆ, ಎರಡು ಫೋನ್ ನಂಬರ್ ಇಲ್ಲದೆ ಆರ್ಡರ್ ಹಿಡಿಯಬೇಡಿ. ಪಿನ್ ಕೋಡಿನ ಮೊದಲ ಮೂರು ಅಂಕೆಯ ಮೇಲೆ ಕಣ್ಣು ಹಾಯಿಸಿ. ಉಡುಪಿ, ಕುಂದಾಪುರ 576. ಕಾರ್ಕಳ, ಬೆಳ್ತಂಗಡಿ 574. ಮಂಗಳೂರು ನಗರ 575. ಕಾರ್ಕಳದ ವಿಳಾಸಕ್ಕೆ 576 ಹಾಕಿದ್ದರೆ ಕೂಡಲೇ ಫೋನ್ ಮಾಡಿ. ಒಳಹಳ್ಳಿಗಳಿಗೆ ಖಾಸಗಿ ಕೊರಿಯರ್ ಬಾಗಿಲಿಗೆ ಹೋಗುವುದಿಲ್ಲ, 'ಪೇಟೆಗೆ ಬಂದು ತಗೊಳ್ಳಿ' ಅನ್ನುತ್ತದೆ. ಅಂತಹ ಕಡೆಗೆ ಸ್ಪೀಡ್ ಪೋಸ್ಟ್ ಮಾಡಿ. ಅಂಚೆಯಣ್ಣನಿಗೆ ಕಟ್ಟೆಯೂ ಗೊತ್ತು, ಮನೆಯೂ ಗೊತ್ತು.

ನಾಳೆಯೇ ಬೇಕು ಅನ್ನುವವರಿಗೆ ಉಡುಪಿ, ಮಂಗಳೂರಿನ ಮಧ್ಯೆ ಬಸ್ಸಿಗಿಂತ ದೊಡ್ಡ ಕೊರಿಯರ್ ಇಲ್ಲ. ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಗೆ ಕಟ್ಟು ಕೊಟ್ಟು, ಬಸ್ಸಿನ ಹೆಸರು, ಹೊರಟ ಸಮಯ ಫೋನಿನಲ್ಲಿ ಹೇಳಿದರೆ ಆಯಿತು, ಗಿರಾಕಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಂದು ನಿಂತಿರುತ್ತಾರೆ. ಬೆಂಗಳೂರಿಗೆ ರಾತ್ರಿ ಬಸ್ಸು. ಆದರೆ ಜುಲೈ, ಆಗಸ್ಟಿನಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಗುಡ್ಡ ಜರಿದರೆ ಬಸ್ಸೂ ಇಲ್ಲ, ಲಾರಿಯೂ ಇಲ್ಲ. ಮಳೆಗಾಲದಲ್ಲಿ ಘಟ್ಟ ಹತ್ತುವ ಪಾರ್ಸೆಲಿಗೆ ಮೂರು ನಾಲ್ಕು ದಿನ ಜಾಸ್ತಿ ಇಟ್ಟುಕೊಂಡೇ ತಾರೀಕು ಹೇಳಿ. ಮುಂಬೈಗೆ, ಗಲ್ಫಿಗೆ ಒಬ್ಬೊಬ್ಬರಿಗೆ ಕಳಿಸಿದರೆ ಕೆಲವೊಮ್ಮೆ ಶರ್ಟಿಗಿಂತ ಕೊರಿಯರ್ ದುಬಾರಿ. ಅಲ್ಲಿ ಒಬ್ಬರನ್ನು ಹಿಡಿಯಿರಿ, ಎಲ್ಲ ಒಂದೇ ಕಟ್ಟು ಮಾಡಿ, ಅವರು ಹಂಚಲಿ. ಹಂಚುವವರಿಗೆ ಒಂದು ಶರ್ಟು ಪುಕ್ಕಟೆ.

ದುಡ್ಡು ಮೊದಲೇ ತೆಗೆದುಕೊಳ್ಳಿ. ಇದರಲ್ಲಿ ದಾಕ್ಷಿಣ್ಯ ಬೇಡ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಖಾಲಿ ಶರ್ಟು 170, ಪ್ರಿಂಟು 60, ಕವರು ಚೀಟಿ 10, ಕೊರಿಯರ್ 60. ಒಟ್ಟು 300 ರೂಪಾಯಿ. ಮಾರುವುದು 400ಕ್ಕೆ. ಉಳಿಯುವುದು ನೂರು. ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳಿಸಿದಿರಿ, ಅವರು ಫೋನ್ ಎತ್ತಲಿಲ್ಲ, ವಾಪಸ್ ಬಂತು. ಬರುವ ಖರ್ಚು ಇನ್ನೊಂದು 60. ಬೆನ್ನಿನ ಮೇಲೆ 'ಪ್ರಜ್ವಲ್' ಅಂತ ಇರುವ ಶರ್ಟನ್ನು ಇನ್ನೊಬ್ಬ ಪ್ರಜ್ವಲ್ ಬರುವವರೆಗೆ ಕಪಾಟಿನಲ್ಲಿ ಇಡಬೇಕು. 360 ರೂಪಾಯಿ ಹೋಯಿತು, ಅಂದರೆ ನಾಲ್ಕು ಶರ್ಟಿನ ಲಾಭ ಹತ್ತಿರ ಹತ್ತಿರ ಮುಗಿಯಿತು. ಯುಪಿಐ ಸ್ಕ್ರೀನ್‌ಶಾಟನ್ನೂ ಸುಮ್ನೆ ನಂಬಬೇಡಿ. ಅದರಲ್ಲಿ ವಹಿವಾಟಿನ 12 ಅಂಕೆಯ ನಂಬರ್ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕೆ ಪಟ್ಟಿಯಲ್ಲಿ ಹೆಸರಿನ ಎದುರು ಬರೆದು, ಬ್ಯಾಂಕ್ ಖಾತೆಯ ಜೊತೆ ತಾಳೆ ನೋಡಿ.

ಜಿಎಸ್‌ಟಿ ಬಗ್ಗೆ ಒಂದೇ ಮಾತು ಹೇಳುತ್ತೇನೆ, ಉಳಿದದ್ದು ಲೆಕ್ಕಪತ್ರದವರು ಹೇಳಲಿ. ಚಿಕ್ಕ ವ್ಯಾಪಾರಕ್ಕೆ ನೋಂದಣಿ ಬೇಡ ಅಂತ ಕೇಳಿರುತ್ತೀರಿ. ಅದು ರಾಜ್ಯದ ಒಳಗೆ. ಸರಕು ರಾಜ್ಯದ ಹೊರಗೆ ಮಾರಿದರೆ, ವ್ಯಾಪಾರ ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕೇ ಬೇಕು. ಮುಂಬೈ ಬಿಡಿ, ಕೇರಳ ಗಡಿಯ ತಲಪಾಡಿ ದಾಟಿದರೆ ಸಾಕು. ಪೈವಳಿಕೆ ಕಂಬಳದ ಅಭಿಮಾನಿ ತುಳು ಮಾತಾಡುತ್ತಾನೆ, ಮಂಗಳೂರಿಗೆ ಕೆಲಸಕ್ಕೆ ಬರುತ್ತಾನೆ, ಆದರೆ ಅವನ ಮನೆ ಕಾಸರಗೋಡು ಜಿಲ್ಲೆ, ಕೇರಳ. ಅವನಿಗೆ ಕಳಿಸುವ ಒಂದು ಶರ್ಟೂ ಹೊರರಾಜ್ಯದ ಮಾರಾಟವೇ.

ಕೊನೆಗೆ ಇಬ್ಬರು ಪ್ರಶ್ನೆ ಕೇಳಿದರು. ಒಬ್ಬರದು, ಮೊದಲು ಯಾವ ಮೆಷಿನ್ ತೆಗೆದುಕೊಳ್ಳಬೇಕು ಅಂತ. ಪ್ರಿಂಟರ್ ಬೇಡ. ಡಿಟಿಎಫ್ ಫಿಲ್ಮನ್ನು ಮೀಟರ್ ಲೆಕ್ಕದಲ್ಲಿ ಪ್ರಿಂಟ್ ಮಾಡಿ ಕೊಡುವವರಿದ್ದಾರೆ, ಅವರಿಂದ ತರಿಸಿ. ನಿಮ್ಮದು ಅಂತ ಒಂದು ಒಳ್ಳೆಯ ಹೀಟ್ ಪ್ರೆಸ್ ಇರಲಿ. ಡಿಟಿಎಫ್ ಪ್ರಿಂಟರನ್ನು ದಿನಾ ಓಡಿಸದಿದ್ದರೆ ಬಿಳಿ ಇಂಕ್ ತಳ ಹಿಡಿದು ಹೆಡ್ ಕಟ್ಟುತ್ತದೆ. ನಮ್ಮ ಕೆಲಸ ಸೀಸನ್ನಿನದು, ಪತ್ತನಾಜೆಯಿಂದ ಅಷ್ಟಮಿವರೆಗೆ ಅದನ್ನು ಓಡಿಸಲು ಆರ್ಡರ್ ಎಲ್ಲಿಂದ ತರುತ್ತೀರಿ?

ಇನ್ನೊಬ್ಬರು ಕೇಳಿದ್ದು ಉಳಿದ ಶರ್ಟಿನ ಬಗ್ಗೆ. ಎಷ್ಟೇ ಲೆಕ್ಕ ಹಾಕಿದರೂ ಹತ್ತು ಹದಿನೈದು ಉಳಿದೇ ಉಳಿಯುತ್ತದೆ. ಅದಕ್ಕೇ ಮುಖ್ಯ ಡಿಸೈನಿನಲ್ಲಿ ವರ್ಷ ಸೇರಿಸಬೇಡಿ. ಸ್ಕ್ರೀನ್ ಪ್ರಿಂಟ್ ವರ್ಷ ಇಲ್ಲದೆಯೇ ಮಾಡಿಸಿ. '2025-26' ಅನ್ನುವುದನ್ನು ಡಿಟಿಎಫ್ ಫಿಲ್ಮಿನಲ್ಲಿ ಬೇರೆಯಾಗಿ ತರಿಸಿ, ಕಳಿಸುವ ದಿನ ತೋಳಿನ ಮೇಲೆ ಒತ್ತಿ. ಒತ್ತದೆ ಉಳಿದದ್ದಕ್ಕೆ ಮುಂದಿನ ನವೆಂಬರಿನಲ್ಲಿ ಹೊಸ ವರ್ಷ ಒತ್ತಬಹುದು. ಎಕ್ಸ್‌ಎಲ್ ಸೈಜುಗಳೇ ಮೊದಲು ಖಾಲಿಯಾಗುತ್ತವೆ, ಎಸ್ ಉಳಿಯುತ್ತದೆ, ಆರ್ಡರ್ ಹಾಕುವಾಗ ಎಸ್ ಕಡಿಮೆ ಹಾಕಿ.